ಹಟ್ಟಿಯ ಕಲ್ಲಿನ ಬಳಿ ನಿಂತ ಜೀಪು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಕೂತರೆ ಸಾಕು, ಯಾರಾದರೊಬ್ಬರು ಇಂಥ ಹುಣಸೇಮರದ ಹತ್ತಿರ ಲಾರಿ ತಾನಾಗಿಯೇ ನಿಂತುಹೋಯಿತಂತೆ, ಇಂಥ ಸೇತುವೆಯ ಮೇಲೆ ಲೈಟು ಆರಿಹೋಯಿತಂತೆ ಎಂದು ಶುರುಮಾಡುತ್ತಾರೆ. ನಾನು ನಡುವೆ ಬಾಯಿ ಹಾಕಿ, ಬ್ಯಾಟರಿ ಎಷ್ಟು ವರ್ಷದ್ದು, ಟರ್ಮಿನಲ್ ಬಿಗಿಯಾಗಿತ್ತಾ ಎಂದು ಕೇಳುತ್ತಿದ್ದೆ. ಕತೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಹೀಗೆ ಎಷ್ಟೋ ಒಳ್ಳೆಯ ಕತೆಗಳನ್ನು ಕೆಡಿಸಿದ ಪಾಪ ನನ್ನ ತಲೆಯ ಮೇಲಿದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಹೊರಟಿದ್ದೇನೆ. ನೀವೂ ನಡುವೆ ಬಾಯಿ ಹಾಕಬಹುದು, ನನ್ನದೇನೂ ಅಭ್ಯಂತರವಿಲ್ಲ.

ನಾನು ಆಟೋ ಎಲೆಕ್ಟ್ರಿಷಿಯನ್. ಪಿಸ್ಟನ್ನು, ಗೇರುಗಳ ಕೆಲಸ ನನ್ನದಲ್ಲ. ಬ್ಯಾಟರಿ, ಡೈನಮೊ, ಸೆಲ್ಫು, ಕಾಯಿಲು, ಹಾರ್ನು, ಒಟ್ಟಿನಲ್ಲಿ ಗಾಡಿಯೊಳಗೆ ವೈರು ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ನಾನು. ಕಲಿತದ್ದು ಶಿರಾದಲ್ಲಿ, ಖಾದರ್ ಸಾಬರ ಅಂಗಡಿಯಲ್ಲಿ, ಆರು ವರ್ಷ. ಅವರನ್ನು ನಾವೆಲ್ಲ ಉಸ್ತಾದ್ ಎನ್ನುತ್ತಿದ್ದೆವು. ಅವರ ಹತ್ತಿರ ಮೀಟರು ಗೀಟರು ಏನೂ ಇರಲಿಲ್ಲ. ಒಂದು ಸಣ್ಣ ಬಲ್ಬು, ಅದರಿಂದ ಹೊರಟ ಎರಡು ವೈರು, ಅಷ್ಟೇ. ಟೆಸ್ಟ್ ಲ್ಯಾಂಪು ಎನ್ನುತ್ತೇವೆ. ಒಂದು ವೈರನ್ನು ಗಾಡಿಯ ಮೈಗೆ ಹಿಡಿದು ಇನ್ನೊಂದನ್ನು ಅನುಮಾನವಿದ್ದ ಕಡೆ ಮುಟ್ಟಿಸಿದರೆ, ಕರೆಂಟು ಅಲ್ಲಿಗೆ ಬರುತ್ತಿದ್ದರೆ ಬಲ್ಬು ಉರಿಯುತ್ತದೆ, ಬರದಿದ್ದರೆ ಇಲ್ಲ. ಉಸ್ತಾದರ ಪ್ರಕಾರ ಲೋಕದ ಸಕಲ ಪ್ರಶ್ನೆಗಳಿಗೂ ಉತ್ತರ ಆ ಬಲ್ಬಿನಲ್ಲಿತ್ತು. ನಾನೂ ಹಾಗೇ ನಂಬಿದ್ದೆ. ದೇವರನ್ನು ಕೂಡ ಅಷ್ಟು ನಂಬಿರಲಿಲ್ಲ ಎನ್ನಬೇಕು.

ಎಪ್ಪತ್ತೆಂಟರಲ್ಲಿ ಮಧುಗಿರಿಗೆ ವಾಪಸ್ಸು ಬಂದು ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಮಾಡು ಹಾಕಿಕೊಂಡು ಸ್ವಂತ ಅಂಗಡಿ ತೆರೆದೆ. ಅಪ್ಪ ಟೈಲರ್. ಅಳತೆಯಿಲ್ಲದೆ ಏನನ್ನೂ ಕತ್ತರಿಸುವವರಲ್ಲ. ಅಂಗಡಿಗೂ ಒಂದು ಅಳತೆ ಕೊಟ್ಟರು: ಮುಂದಿನ ಯುಗಾದಿಯವರೆಗೆ. ಅಷ್ಟರೊಳಗೆ ಊರಿನ ಜನ ನನ್ನನ್ನು ಮೆಕ್ಯಾನಿಕ್ ಎಂದು ಒಪ್ಪಿದರೆ ಸರಿ. ಇಲ್ಲವಾದರೆ ಬೋರ್ಡು ಕೆಳಗಿಳಿಸಿ, ಕೊರಟಗೆರೆಗೆ ಓಡುತ್ತಿದ್ದ ಸೋದರಮಾವನ ಪ್ರೈವೇಟ್ ಬಸ್ಸಿಗೆ ಕಂಡಕ್ಟರಾಗಿ ಹೋಗಬೇಕು. ಮಾವ ಆಗಲೇ ನನಗೊಂದು ಚರ್ಮದ ಚೀಲವನ್ನು ತೆಗೆದಿಟ್ಟಿದ್ದ. ಹಬ್ಬಕ್ಕೆ ಬಂದಾಗಲೆಲ್ಲ ಅದನ್ನು ನನ್ನ ಹೆಗಲಿಗೆ ಹಾಕಿ, ಚೆನ್ನಾಗಿ ಒಪ್ಪುತ್ತೆ ಎಂದು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಊರಿನವರು ಒಪ್ಪುವ ಲಕ್ಷಣ ಕಾಣಲಿಲ್ಲ. ಮೂರು ತಿಂಗಳಲ್ಲಿ ನಾನು ರಿಪೇರಿ ಮಾಡಿದ್ದೆಲ್ಲ ಹಾರ್ನುಗಳೇ. ದೊಡ್ಡ ಕೆಲಸವಿದ್ದವರು ನನ್ನ ಅಂಗಡಿಯ ಮುಂದೆಯೇ ಹಾದು ತುಮಕೂರಿಗೆ ಹೋಗುತ್ತಿದ್ದರು. ನಾನು ರಿಪೇರಿ ಮಾಡಿದ ಹಾರ್ನನ್ನು ಒತ್ತಿಕೊಂಡೇ ಹೋಗುತ್ತಿದ್ದರು.

ಅಂಥ ಹೊತ್ತಿನಲ್ಲಿ ಬಂದವರು ರುದ್ರಪ್ಪನವರು. ಉಣ್ಣೆ ವ್ಯಾಪಾರಿ. ಸುತ್ತಲಿನ ಹಟ್ಟಿಗಳಲ್ಲಿ ಕುರಿಯ ಉಣ್ಣೆ ಕೊಂಡು ಕಂಬಳಿ ನೇಯುವವರಿಗೆ ಕೊಡುತ್ತಿದ್ದರು. ದೊಡ್ಡ ಮೈ, ಅದಕ್ಕಿಂತ ದೊಡ್ಡ ಬಾಯಿ. ಅವರು ಹೋಟೆಲಿನಲ್ಲಿ ಕೂತು ಒಬ್ಬನನ್ನು ಒಳ್ಳೆಯವನು ಎಂದರೆ ಮಧ್ಯಾಹ್ನದೊಳಗೆ ಅವನು ಇಡೀ ಪೇಟೆಗೆ ಒಳ್ಳೆಯವನು. ದಸರೆಯ ಹೊತ್ತಿಗೆ ಅವರು ಮಿಲಿಟರಿಯವರು ಹರಾಜು ಹಾಕಿದ ಹಳೆಯ ಪೆಟ್ರೋಲ್ ಜೀಪೊಂದನ್ನು ಕೊಂಡಿದ್ದರು. ತಾವೇ ಓಡಿಸುತ್ತಿದ್ದರು. ಎತ್ತು ಹೊಡೆದು ಅಭ್ಯಾಸವಿದ್ದವರು, ಗೇರು ಬದಲಿಸುವಾಗಲೂ ಹೋ ಹೋ ಎನ್ನುತ್ತಿದ್ದರು.

"ಲೇ ತಮ್ಮ, ಇದು ನಿಂತೋಗ್ತೈತೆ," ಎಂದರು.

ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ. ದೊಡ್ಡೇರಿ ಕಡೆಯ ಒಂದು ಗೊಲ್ಲರಹಟ್ಟಿಯ ಹೆಸರು ಹೇಳಿದರು. ಹಟ್ಟಿಗೆ ಎರಡು ಕೂಗಳತೆ ಇರುವಾಗ ದಾರಿಯ ಪಕ್ಕ ಒಂದು ಚಪ್ಪಟೆ ಕಲ್ಲಿದೆ, ಅಲ್ಲಿಂದ ಏರು. ಕಲ್ಲು ದಾಟುತ್ತಿದ್ದಂತೆ ಎಂಜಿನ್ನು ಆಫ್. ಮೊದಲೆರಡು ಸಲ ಸಲೀಸಾಗಿ ಹೋಗಿತ್ತಂತೆ, ಆಮೇಲೆ ಶುರುವಾಗಿದೆ. ಹಿಂದಕ್ಕೆ ತಳ್ಳಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಊರಿನವರೆಗೂ ಕೆಮ್ಮುವುದಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಬಾನೆಟ್ ಎತ್ತುವ ಮೊದಲೇ ಕಾಯಿಲೆ ಹೇಳುವ ಅವಕಾಶ ಡಾಕ್ಟರಿಗೂ ದಿನಾ ಸಿಗುವುದಿಲ್ಲ. "ಕಂಡೆನ್ಸರ್ ಯಜಮಾನ್ರೇ," ಎಂದೆ.

ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟು ಎಂಬ ಎರಡು ಸಣ್ಣ ಲೋಹದ ತುದಿಗಳು ಕೂಡುತ್ತ ಬಿಡುತ್ತ ಇರುತ್ತವೆ. ಅವು ಬಿಟ್ಟಾಗ ಕಾಯಿಲಿನಲ್ಲಿ ಜೋರು ಕರೆಂಟು ಹುಟ್ಟಿ ಪ್ಲಗ್ಗಿಗೆ ಹೋಗಿ ಕಿಡಿಯಾಗುತ್ತದೆ. ಪಾಯಿಂಟು ಸುಡದಂತೆ ಕಾಯುವ ಹೆಬ್ಬೆರಳು ಗಾತ್ರದ ಡಬ್ಬಿಯೇ ಕಂಡೆನ್ಸರು. ಹಳೆಯದಾದರೆ ಬಿಸಿಯಲ್ಲಿ ಕೈಕೊಡುತ್ತದೆ, ತಣ್ಣಗಾದರೆ ಏನೂ ಅರಿಯದ ಹಾಗೆ ಕೆಲಸಮಾಡುತ್ತದೆ. ಏರಿನ ಹತ್ತಿರ ಎಂಜಿನ್ನು ಬಿಸಿಯಾಗಿರುತ್ತದೆ, ಹಾಗಾಗಿ ಅಲ್ಲಿ ನಿಲ್ಲುತ್ತದೆ ಎಂದು ವಿವರಿಸಿದೆ. ಹೊಸದು ಹಾಕಿದೆ, ಪಾಯಿಂಟು ಉಜ್ಜಿದೆ. ರುದ್ರಪ್ಪನವರು ಹೋಟೆಲಿಗೆ ಹೋಗಿ ನನ್ನ ಬಗ್ಗೆ ಎರಡು ಒಳ್ಳೆಯ ಮಾತಾಡಿದರು. ಆ ವಾರ ನನಗೆ ಒಂದು ಡೈನಮೊ ಕೆಲಸವೂ ಬಂತು.

ಮುಂದಿನ ವಾರ ಅವರು ಮುಖ ಕೆಂಪಗೆ ಮಾಡಿಕೊಂಡು ಬಂದರು. ಅದೇ ಕಲ್ಲು, ಅದೇ ಕತೆ. ಇವರು ಜೀಪು ತಳ್ಳುತ್ತಿರುವಾಗ ಪಾವಗಡ ಕಡೆಯ ಇನ್ನೊಬ್ಬ ಉಣ್ಣೆ ವ್ಯಾಪಾರಿ ಎತ್ತಿನ ಗಾಡಿಯಲ್ಲಿ ಹಾದುಹೋಗುತ್ತ, "ಏಂ ಸಾವುಕಾರು, ಜೀಪುಕಿ ಎದ್ದುಲು ಕಾವಾಲಾ?" ಎಂದನಂತೆ. ಜೀಪಿಗೆ ಎತ್ತು ಬೇಕಾ ಎಂದು ಕೇಳಿಸಿಕೊಂಡದ್ದು ರುದ್ರಪ್ಪನವರ ಎದೆಯಲ್ಲಿ ಮುಳ್ಳಾಗಿ ನಿಂತಿತ್ತು. ಆ ಹಟ್ಟಿಯ ಉಣ್ಣೆಯೂ ಆ ದಿನ ಅವನ ಗಾಡಿಗೇ ಹೋಯಿತು.

ನಾನು ಎರಡು ದಿನ ಜೀಪನ್ನು ಇಟ್ಟುಕೊಂಡೆ. ಈ ಸಲ ಚಾರ್ಜಿಂಗ್ ಕಡೆ ಹಿಡಿದೆ. ಡೈನಮೊ ಬಿಚ್ಚಿದರೆ ಒಳಗಿನ ಕಾರ್ಬನ್ ಬ್ರಷ್ಷುಗಳು ಸವೆದು ಉಗುರಿನಷ್ಟಾಗಿದ್ದವು. ಸಿಕ್ಕಿದೆಯಲ್ಲ ಕಳ್ಳ ಎಂದುಕೊಂಡೆ. ಏರಿನಲ್ಲಿ ಎಂಜಿನ್ನು ನಿಧಾನ, ಡೈನಮೊ ಕರೆಂಟು ಕೊಡುವುದಿಲ್ಲ, ಬ್ಯಾಟರಿ ಸೋತಿದೆ, ಕಿಡಿ ಹುಟ್ಟುವುದಿಲ್ಲ. ಬ್ರಷ್ಷು ಬದಲಿಸಿದೆ. ಡೈನಮೊ ಸುಮ್ಮನಿದ್ದಾಗ ಬ್ಯಾಟರಿಯ ಕರೆಂಟು ವಾಪಸ್ಸು ಹರಿಯದಂತೆ ತಡೆಯುವ ಕಟೌಟ್ ಎಂಬ ಡಬ್ಬಿಯನ್ನೂ ಬಿಚ್ಚಿ ಸರಿಮಾಡಿದೆ. ಬ್ಯಾಟರಿ ಚಾರ್ಜ್ ಮಾಡಿದೆ. ಡ್ಯಾಶ್‌ಬೋರ್ಡಿನ ಆಮ್ಮೀಟರಿನ ಮುಳ್ಳು ಚಾರ್ಜಿನ ಕಡೆ ಠಾಕುಠೀಕಾಗಿ ನಿಂತಿತು. ಅಷ್ಟಕ್ಕೇ ಬಿಡಲಿಲ್ಲ. ಜೀಪು ಹೊಡೆದುಕೊಂಡು ಕೊರಟಗೆರೆಗೆ ಹೋದೆ, ಚನ್ನರಾಯನದುರ್ಗದ ಬುಡದ ಕಲ್ಲು ದಾರಿಯಲ್ಲಿ ಬೇಕೆಂದೇ ಮೊದಲ ಗೇರಿನಲ್ಲಿ ಗೋಳಾಡಿಸಿದೆ, ಪಾವಗಡದ ರಸ್ತೆಯಲ್ಲಿ ಮಟಮಟ ಮಧ್ಯಾಹ್ನ ಓಡಿಸಿದೆ. ಒಂದು ಸಲವೂ ತಡವರಿಸಲಿಲ್ಲ.

ಹಟ್ಟಿಯ ಕಲ್ಲಿನ ಹತ್ತಿರ ಮತ್ತೆ ನಿಂತಿತು.

ರುದ್ರಪ್ಪನವರು ಈ ಸಲ ಅಂಗಡಿಯೊಳಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನ ಮಧ್ಯದಲ್ಲಿ ನಿಂತು, ಮೂರು ಬಸ್ಸಿನ ಜನಕ್ಕೆ ಕೇಳಿಸುವ ಹಾಗೆ, "ಲೇ, ನೀನು ರಿಪೇರಿ ಮಾಡ್ತಿರೋದು ನನ್ ಜೀಪನ್ನೋ, ನನ್ ಬುದ್ಧೀನೋ?" ಎಂದರು. ಆ ಮೂರರಲ್ಲಿ ಒಂದು ನನ್ನ ಮಾವನ ಬಸ್ಸು. ಯುಗಾದಿಗೆ ಹತ್ತು ದಿನ ಉಳಿದಿತ್ತು. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿ ಪ್ರೀತಿಯಿಂದ ನಕ್ಕ. ನನಗೆ ಅಳು ಬರುವಂತಾಯಿತು. "ನಾಳೆ ನಾನೇ ಬರ್ತೀನಿ ಯಜಮಾನ್ರೇ. ನಿಂತ ಜಾಗದಲ್ಲೇ ನೋಡ್ತೀನಿ. ಆಗದಿದ್ರೆ ಅಂಗಡಿ ಮುಚ್ತೀನಿ," ಎಂದುಬಿಟ್ಟೆ. ಆಡಿದ ಮೇಲೆ ಮಾತು ನುಂಗುವುದು ಹೇಗೆ? ಕೇಳಿದವರು ಮೂರು ಬಸ್ಸಿನಷ್ಟು ಇದ್ದರು.

ಮಾರನೆಯ ದಿನ ಬೆಳಗ್ಗೆ ಹೊರಟೆವು. ಹಾಡುಹಗಲು, ಬಿಸಿಲು ನೆತ್ತಿಗೆ ಬರುತ್ತಿತ್ತು. ಇಂಥ ಅನುಭವಗಳಿಗೆ ಬೇಕಾದ ಕತ್ತಲೆ, ನರಿ ಕೂಗು, ಸುಯ್ಯೆನ್ನುವ ಗಾಳಿ ಏನೂ ಇರಲಿಲ್ಲ, ಬೇಕಾದವರು ಸೇರಿಸಿಕೊಳ್ಳಬಹುದು. ಕಲ್ಲು ಹತ್ತಿರವಾಗುತ್ತಿದ್ದಂತೆ ರುದ್ರಪ್ಪನವರು ವೇಗ ತಗ್ಗಿಸಿ, ಸ್ಟೀರಿಂಗ್ ಹಿಡಿದಂತೆಯೇ ಕಾಲು ಹೊರಗೆ ಚಾಚಿ ಒಂದಾದ ಮೇಲೊಂದು ಚಪ್ಪಲಿಯನ್ನು ರಸ್ತೆಯ ಪಕ್ಕಕ್ಕೆ ಝಾಡಿಸಿ ಎಸೆದರು. ನಾನು ಕಣ್ಣುಬಿಟ್ಟೆ. ಹಟ್ಟಿಯೊಳಗೆ ಯಾರೂ ಕಾಲಿಗೆ ಮೆಟ್ಟಿಕೊಂಡು ಹೋಗುವಂತಿಲ್ಲ, ಆ ಕಲ್ಲೇ ಗಡಿ, ಎಲ್ಲರೂ ಅಲ್ಲೇ ಬಿಟ್ಟು ಹೋಗುತ್ತಾರೆ, ನೀನೂ ತೆಗಿ ಎಂದರು. ಅದು ಅವರ ಹಟ್ಟಿ, ಅವರ ಕಟ್ಟಳೆ. ನಾನೂ ತೆಗೆದು ಕೆಳಗೆ ಹಾಕಿದೆ.

ಜೀಪು ಕಲ್ಲು ದಾಟಿತು. ನಿಂತಿತು.

ಕೆಮ್ಮಲಿಲ್ಲ, ಎಳೆದಾಡಲಿಲ್ಲ. ಯಾರೋ ಕೀ ತಿರುಗಿಸಿದ ಹಾಗೆ ಸುಮ್ಮನಾಯಿತು. ನಾನು ಹಾರಿ ಇಳಿದು ಬಾನೆಟ್ ಎತ್ತಿದೆ. ಟೆಸ್ಟ್ ಲ್ಯಾಂಪು ಹಿಡಿದು ಬ್ಯಾಟರಿಯಿಂದ ಶುರುಮಾಡಿದೆ. ಬ್ಯಾಟರಿಯಲ್ಲಿ ಬಲ್ಬು ಉರಿಯಿತು. ಕಾಯಿಲಿಗೆ ಬರುವ ವೈರಿನಲ್ಲಿ ಉರಿಯಿತು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಕಡೆ ಮುಟ್ಟಿಸಿ, ರುದ್ರಪ್ಪನವರಿಗೆ ಸೆಲ್ಫು ಹೊಡೆಯಲು ಹೇಳಿದರೆ ಬಲ್ಬು ಮಿಣುಕು ಮಿಣುಕು ಎಂದಿತು, ಅಂದರೆ ಪಾಯಿಂಟು ಸರಿಯಾಗಿ ಕೂಡಿ ಬಿಡುತ್ತಿದೆ. ಪ್ಲಗ್ಗು ಬಿಚ್ಚಿ ಎಂಜಿನ್ನಿನ ಮೈಗೆ ಒರಗಿಸಿ ನೋಡಿದೆ. ನೀಲಿ ಕಿಡಿ, ಟಕ್ ಟಕ್ ಟಕ್. ಅಷ್ಟು ಚೆಂದದ ಕಿಡಿಯನ್ನು ನಾನು ಹೊಸ ಗಾಡಿಯಲ್ಲೂ ನೋಡಿರಲಿಲ್ಲ. ಕಾರ್ಬೊರೇಟರಿಗೆ ಪೆಟ್ರೋಲು ಬರುತ್ತಿತ್ತು. ಸೆಲ್ಫು ಎಂಜಿನ್ನನ್ನು ಗಿರ್ರನೆ ತಿರುಗಿಸುತ್ತಿತ್ತು. ಕಿಡಿ ಇದೆ, ಪೆಟ್ರೋಲಿದೆ, ತಿರುಗುತ್ತಿದೆ. ಎಂಜಿನ್ನು ಓಡಲು ಇನ್ನೇನು ಬೇಕು? ಅದನ್ನೇ ನಾನು ಜೀಪಿಗೆ ಕೇಳಿದೆ, ಬಾಯಿಬಿಟ್ಟೇ ಕೇಳಿದೆ.

ಹಿಂದಕ್ಕೆ ತಳ್ಳಿದೆವು. ಇಳಿಜಾರು, ಸುಲಭವಾಗಿ ಉರುಳಿತು. ಕಲ್ಲಿನಿಂದ ಈಚೆ ಬಂದ ಕೂಡಲೇ ಸೆಲ್ಫು ಮುಟ್ಟಿದರೆ ಸಾಕು, ಸ್ಟಾರ್ಟ್. ಮುಂದೆ ಹೋದರೆ ಆಫ್. ನಾನು ಸ್ಕ್ರೂಡ್ರೈವರಿನಿಂದ ಕಲ್ಲಿನ ನೇರಕ್ಕೆ ರಸ್ತೆಗೆ ಅಡ್ಡವಾಗಿ ಒಂದು ಗೆರೆ ಎಳೆದೆ. ಆಗ ಒಂದು ವಿಷಯ ಕಂಡಿತು. ಮುಂದಿನ ಚಕ್ರ ಗೆರೆ ದಾಟಿದರೆ ಏನೂ ಆಗುವುದಿಲ್ಲ. ಹಿಂದಿನ ಚಕ್ರ ದಾಟಿದರೂ ಇಲ್ಲ. ಜೀಪಿನ ಬಾಲ ಗೆರೆಗೆ ಸಮನಾಗಿ ಬಂದಾಗ ನಿಲ್ಲುತ್ತದೆ. ಜೀಪನ್ನು ತಿರುಗಿಸಿ ರಿವರ್ಸಿನಲ್ಲಿ ಬಿಟ್ಟು ನೋಡಲು ಹೇಳಿದೆ. ಬಾಲ ಮಾತ್ರ ಗೆರೆ ಮುಟ್ಟಿತ್ತು, ಉಳಿದ ಇಡೀ ಜೀಪು ಈಚೆ ಇತ್ತು, ನಿಂತುಬಿಟ್ಟಿತು.

ನನಗೆ ಜೀವ ಬಂದಂತಾಯಿತು. ದೋಷ ಹಿಂದುಗಡೆ ಇದೆ! ಹಿಂದೆ ಇರುವ ವೈರೆಂದರೆ ಟೇಲ್ ಲ್ಯಾಂಪಿನದು. ಅದು ಎಲ್ಲೋ ಜೀಪಿನ ಮೈಗೆ ತಾಗುತ್ತಿರಬೇಕು. ಅಂಗಾತ ಮಲಗಿ ಜೀಪಿನ ಹಿಂಬದಿಗೆ ತೂರಿಕೊಂಡೆ. ಅಲ್ಲಿ ಬಂಪರಿಗೆ ದೃಷ್ಟಿಗೆಂದು ಒಂದು ಹಳೆಯ ಚಪ್ಪಲಿ ಕಟ್ಟಿತ್ತು. ಎಲ್ಲ ಲಾರಿ, ಟೆಂಪೋಗಳ ಹಿಂದೆಯೂ ನೇತಾಡುವಂಥದ್ದೇ. ನಮ್ಮ ಕಸುಬಿನವರ ಕಣ್ಣಿಗೆ ಅದು ನಂಬರ್ ಪ್ಲೇಟಿನಷ್ಟೂ ಬೀಳುವುದಿಲ್ಲ. ನಾನು ವೈರು ಹುಡುಕುತ್ತಿದ್ದರೆ ಅದು ತೂಗಾಡಿ ನನ್ನ ಹಣೆಗೆ ಬಡಿಯಿತು. ಪಕ್ಕಕ್ಕೆ ಸರಿಸಿದೆ. ಮತ್ತೆ ಬಡಿಯಿತು. ಮತ್ತೆ ಸರಿಸಿದೆ. ಮೂರನೆಯ ಸಲ ಬಡಿದಾಗ ಒಂದು ಕೆಟ್ಟ ಬೈಗುಳ ಬೈದು ಅದನ್ನು ಬಂಪರಿನ ಮೇಲೆ ಎತ್ತಿ ಕೂರಿಸಿದೆ. ಆಮೇಲೆ ಟೇಲ್ ಲ್ಯಾಂಪಿನ ವೈರನ್ನು ಇಡಿಯಾಗಿ ಕಿತ್ತೇಹಾಕಿದೆ. ಈಗ ಜೀಪಿನ ಹಿಂಭಾಗದಲ್ಲಿ ಕರೆಂಟಿನ ಹೆಸರೇ ಇರಲಿಲ್ಲ. "ಹೊಡೀರಿ ಯಜಮಾನ್ರೇ!" ಎಂದೆ.

ಗೆರೆಯ ಹತ್ತಿರ ಬಂದು ನಿಂತಿತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಬೆವರಿಗೆ ಗ್ರೀಸು ಕಣ್ಣಿಗಿಳಿದಿತ್ತು. ಮಾವನ ಚರ್ಮದ ಚೀಲ ಹೆಗಲ ಮೇಲೆ ಬಂದು ಕೂತ ಹಾಗೇ ಆಯಿತು. ಕೊರಟಗೆರೆ, ಕೊರಟಗೆರೆ ಎಂದು ಕೂಗುವುದನ್ನು ಮನಸ್ಸಿನಲ್ಲೇ ಒಮ್ಮೆ ಅಭ್ಯಾಸ ಮಾಡಿದೆ ಎಂದರೆ ನೀವು ನಗುತ್ತೀರಿ.

ಅಷ್ಟು ಹೊತ್ತೂ ಕಲ್ಲಿನ ಪಕ್ಕದ ಜಾಲಿಮರದ ನೆರಳಲ್ಲಿ ಹಟ್ಟಿಯ ಒಬ್ಬ ಮುದುಕಿ ಕೂತು ನಮ್ಮ ಆಟ ನೋಡುತ್ತಿದ್ದಳು. ಈರಜ್ಜಿ ಎಂದು ಹೆಸರು. ಮರಿಗಳನ್ನು ಮೇಯಲು ಬಿಟ್ಟುಕೊಂಡಿದ್ದಳು. ಈಗ ಎದ್ದು, ಕೋಲೂರಿಕೊಂಡು ಜೀಪಿನ ಸುತ್ತ ಒಂದು ಸುತ್ತು ಹಾಕಿ, ಹಿಂದೆ ಬಂದು ನಿಂತಳು.

"ಅಲ್ಲ ಸಾವ್ಕಾರ, ನೀವಿಬ್ರೂ ಕೆರ ಬುಟ್ಟು ಬಂದಿದ್ದೀರ. ಇದ್ಯಾಕೆ ಮೆಟ್ಕಂಡೈತೆ?" ಎಂದು ಕೋಲಿನಿಂದ ಆ ಚಪ್ಪಲಿಯನ್ನು ತಟ್ಟಿದಳು.

ರುದ್ರಪ್ಪನವರು, "ಅದು ದೃಷ್ಟಿಗ್ ಕಟ್ಟಿರೋದು ಕಣಜ್ಜಿ," ಎಂದರು.

"ಯಾತಕ್ಕಾರ ಕಟ್ಟಿರಿ. ಕೆರ ಕೆರವೇ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆರು ವರ್ಷ ಕಲಿತವನು ನಾನು, ಮೂರು ತಾಸಿನಿಂದ ಮಣ್ಣಿನಲ್ಲಿ ಹೊರಳುತ್ತಿರುವವನು ನಾನು, ಇವಳು ಕೋಲಿನಲ್ಲಿ ತಟ್ಟಿ ಕಾಯಿಲೆ ಹೇಳುತ್ತಾಳೆ. "ಅಜ್ಜಿ, ಜೀಪಿಗೂ ಕೆರಕ್ಕೂ ಸಂಬಂಧ ಇಲ್ಲ. ಬೇಕಾದ್ರೆ ಬಿಚ್ಚಿ ತೋರಿಸ್ತೀನಿ ನೋಡು," ಎಂದೆ. ಇದನ್ನು ನೀವು ಗಮನಿಸಬೇಕು. ನಾನು ಅದನ್ನು ಬಿಚ್ಚಿದ್ದು ಅವಳು ಹೇಳಿದ್ದು ಸುಳ್ಳು ಎಂದು ತೋರಿಸುವುದಕ್ಕೆ. ಬೈಂಡಿಂಗ್ ವೈರಿನಿಂದ ಬಿಗಿದಿದ್ದರು, ಇಕ್ಕಳ ಹಾಕಿ ಬಿಚ್ಚಲು ಸ್ವಲ್ಪ ಹೊತ್ತೇ ಹಿಡಿಯಿತು. ಚಪ್ಪಲಿಯನ್ನು ಕಲ್ಲಿನ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟು, "ಈಗ ಹೊಡೀರಿ," ಎಂದೆ.

ಜೀಪು ಸ್ಟಾರ್ಟ್ ಆಯಿತು. ಗೆರೆ ಮುಟ್ಟಿತು. ಬಾಲ ಗೆರೆ ದಾಟಿತು. ರುದ್ರಪ್ಪನವರು ಹೋ ಹೋ ಎನ್ನುತ್ತ ಏರು ಹತ್ತಿಸಿ, ಧೂಳೆಬ್ಬಿಸಿಕೊಂಡು ಹಟ್ಟಿಯೊಳಗೆ ಹೋಗಿಯೇಬಿಟ್ಟರು. ನನ್ನನ್ನು ಹತ್ತಿಸಿಕೊಳ್ಳಬೇಕು ಎಂಬುದೂ ಅವರಿಗೆ ನೆನಪಾಗಲಿಲ್ಲ. ನಾನು ಇಕ್ಕಳ ಹಿಡಿದುಕೊಂಡು ಗೆರೆಯ ಈಚೆ ನಿಂತಿದ್ದೆ. ಈರಜ್ಜಿ ನನ್ನ ಕಡೆ ನೋಡಲೂ ಇಲ್ಲ. ಮರಿಯೊಂದು ಯಾರದೋ ಹುರುಳಿ ಹೊಲಕ್ಕೆ ನುಗ್ಗುತ್ತಿತ್ತು, ಅದನ್ನು ಬೈಯುತ್ತ ಹೋದಳು.

ಆ ದಿನ ಜೀಪು ಹಟ್ಟಿಯಿಂದ ಉಣ್ಣೆ ತುಂಬಿಕೊಂಡು ಬಂತು. ದಾರಿಯಲ್ಲಿ ನಾನು ಒಂದೇ ಪ್ರಶ್ನೆ ಕೇಳಿದೆ: ಆ ಚಪ್ಪಲಿ ಕಟ್ಟಿದ್ದು ಯಾವಾಗ? ರುದ್ರಪ್ಪನವರು, ಜೀಪಿನ ಮೇಲೆ ಊರವರ ಕಣ್ಣು ಬಿದ್ದಿದೆಯೆಂದು ತಮ್ಮ ಹೆಂಡತಿ ತಮ್ಮದೇ ಹಳೆಯ ಚಪ್ಪಲಿ ಕಟ್ಟಿಸಿದಳು ಎಂದರು. ಹಟ್ಟಿಗೆ ಎರಡು ಸಲ ಹೋಗಿಬಂದ ಮೇಲೆ.

ಊರು ಹತ್ತಿರವಾದಾಗ ಅವರೇ ಬಾಯಿಬಿಟ್ಟರು. "ನೋಡ್ಲಾ, ನನ್ ಜೀಪನ್ನ ನನ್ ಕೆರವೇ ನಿಲ್ಲಿಸ್ತು ಅಂತ ಪೇಟೆಯಾಗೆ ಹೇಳಾಕಾಯ್ತದಾ? ಏನಾರ ಒಂದ್ ಹೆಸರು ಹೇಳು." ನಾನು ಯೋಚಿಸಿ, ಅರ್ಥಿಂಗ್ ಎಂದೆ. ಅವರು ನಾಲ್ಕೈದು ಸಲ ಅರ್ಥಿಂಗು, ಅರ್ಥಿಂಗು ಎಂದು ಬಾಯಿಪಾಠ ಮಾಡಿಕೊಂಡರು. ಹೋಟೆಲಿನಲ್ಲಿ ಕೂತು, "ತುಮಕೂರಿನವರ ಅಪ್ಪನಾಣೆಗೂ ಸಿಗ್ತಿರ್ಲಿಲ್ಲ, ಅರ್ಥಿಂಗು! ನಮ್ ಹುಡುಗ ಮಣ್ಣಾಗೆ ಮಲಗಿ ಕಂಡುಹಿಡಿದ!" ಎಂದು ಮೇಜು ಗುದ್ದಿದರು. ಅರ್ಥಿಂಗ್ ಎಂದರೇನು ಎಂದು ಒಬ್ಬನೂ ಕೇಳಲಿಲ್ಲ.

ಯುಗಾದಿಯ ದಿನ ನನ್ನ ಅಂಗಡಿಯ ಮುಂದೆ ಎರಡು ಲಾರಿ, ಒಂದು ಟ್ರ್ಯಾಕ್ಟರ್ ನಿಂತಿದ್ದವು. ಅಪ್ಪ ಒಬ್ಬಟ್ಟು ತಿನ್ನುತ್ತ ಅದನ್ನು ಕಿಟಕಿಯಿಂದ ನೋಡಿದರು. ಮಾವ ಆ ಚೀಲವನ್ನು ಬೇರೆ ಯಾರಿಗೋ ಕೊಟ್ಟ. ನಾನು ಗೆದ್ದಿದ್ದೆ. ಆದರೆ ಎಲ್ಲರೂ ನನ್ನನ್ನು ಮೆಕ್ಯಾನಿಕ್ ಎಂದು ಒಪ್ಪಿದ್ದು ನಾನು ಮಾಡದ ರಿಪೇರಿಗೆ. ಅದು ನನಗೆ ಗೊತ್ತಿತ್ತು.

ತಡೆಯಲಾರದೆ ಶಿರಾಕ್ಕೆ ಹೋಗಿ ಉಸ್ತಾದರ ಮುಂದೆ ಎಲ್ಲ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಕಿಡಿ ಯಾವ ಬಣ್ಣ, ಪೆಟ್ರೋಲು ಎಷ್ಟು, ಎಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ಥ್ ವೈರು ನೋಡಿದೆಯಾ ಎಂದೆಲ್ಲ ಕೇಳಿದರು. ಕೊನೆಗೆ, "ವಾಪಸ್ ಹಾಕಿ ನೋಡ್ದೇನು ಬೇಟಾ?" ಎಂದರು. ಅದು ಅವರ ಅಂಗಡಿಯ ಕಾನೂನು. ಹೊಸ ಭಾಗ ಹಾಕಿ ಗಾಡಿ ಓಡಿದರೆ ಅವರು ಒಪ್ಪುತ್ತಿರಲಿಲ್ಲ. ಹಳೆಯದನ್ನು ಮತ್ತೆ ಹಾಕಬೇಕು, ದೋಷ ಮರಳಬೇಕು. ಆಗ ಮಾತ್ರ ಕಳ್ಳ ಸಿಕ್ಕಿದ ಹಾಗೆ. ಇಲ್ಲವಾದರೆ ಗಾಡಿ ತಾನಾಗಿ ಸರಿಹೋಗಿದೆ, ನೀನು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ ಎನ್ನುತ್ತಿದ್ದರು. ಚಪ್ಪಲಿ ವಾಪಸ್ಸು ಕಟ್ಟಿ ನೋಡಿ ಬಂದು ಹೇಳು ಎಂದು ಕಳಿಸಿದರು.

ಮಳೆಗಾಲ ಮುಗಿದು ಮತ್ತೆ ಉಣ್ಣೆ ಕತ್ತರಿಸುವ ಕಾಲ ಬಂದಾಗ ನಾನೂ ರುದ್ರಪ್ಪನವರ ಜೊತೆ ಹೊರಟೆ. ಜೇಬಿನಲ್ಲಿ ಬೈಂಡಿಂಗ್ ವೈರು, ಇಕ್ಕಳ. ಚಪ್ಪಲಿ ನಾನಿಟ್ಟ ಕಲ್ಲಿನ ಮೇಲೆಯೇ ಇತ್ತು, ಮಳೆಗೆ ನೆನೆದು ಮುದುಡಿತ್ತು. ಒಂಟಿ ಚಪ್ಪಲಿಯನ್ನು ಯಾರು ಒಯ್ಯುತ್ತಾರೆ? ರುದ್ರಪ್ಪನವರು ತಮ್ಮ ಕಾಲಿನದನ್ನು ಝಾಡಿಸಿ, ಎಂಜಿನ್ನು ಓಡುತ್ತಿದ್ದಂತೆ ನನಗಾಗಿ ಕಾದರು. ನಾನು ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತು, ಬಂಪರಿಗೆ ವೈರು ಸುತ್ತತೊಡಗಿದೆ.

"ಏನ್ ಮಾಡ್ತಿದ್ದೀಯಪ್ಪ?" ಎಂದು ಈರಜ್ಜಿಯ ದನಿ ಕೇಳಿತು.

ಇದ್ದದ್ದನ್ನು ಹೇಳಿದೆ. ಇದರಿಂದಲೇ ನಿಂತಿತಾ ಇಲ್ಲವಾ ಪರೀಕ್ಷೆ ಮಾಡಬೇಕು ಎಂದೆ. ಬೈಯುತ್ತಾಳೆ ಎಂದುಕೊಂಡರೆ ಬೈಯಲಿಲ್ಲ. "ನೋಡ್ಕ, ಬ್ಯಾಡ ಅನ್ನಲ್ಲ. ನಿಂತ್ರೆ ಏನ್ ಮಾಡೀಯ?" ಎಂದಳು. ಸ್ವಲ್ಪ ಬಿಟ್ಟು, "ನಿಲ್ದಿದ್ರೆ ಏನ್ ಮಾಡೀಯ?" ಎಂದಳು.

ವೈರು ಹಿಡಿದ ಕೈ ಹಾಗೇ ನಿಂತಿತು. ನಿಂತರೆ ನಾನು ನಂಬಿದ ಬಲ್ಬಿಗೆ ಅರ್ಥವಿಲ್ಲ, ನಾಳೆಯಿಂದ ಯಾವ ಗಾಡಿಯ ಮುಂದೆ ಯಾವ ಧೈರ್ಯದಿಂದ ಅದನ್ನು ಹಿಡಿಯಲಿ? ನಿಲ್ಲದಿದ್ದರೆ ದೋಷ ಇನ್ನೂ ಜೀಪಿನಲ್ಲೇ ಎಲ್ಲೋ ಇದೆ, ನಾನು ಅದನ್ನು ಹಿಡಿದೇ ಇಲ್ಲ, ಅಂಗಡಿಯ ಮುಂದೆ ನಿಂತ ಲಾರಿಗಳೆಲ್ಲ ಒಬ್ಬ ಸುಳ್ಳನ ಮುಂದೆ ನಿಂತಿವೆ. ಯಾವ ಕಡೆ ಹೋದರೂ ನನ್ನದೊಂದು ಕಳೆದುಹೋಗುತ್ತಿತ್ತು. ಅಷ್ಟರಲ್ಲಿ ರುದ್ರಪ್ಪನವರು, "ಆಯ್ತೇನ್ಲಾ?" ಎಂದು ಕೂಗಿದರು. "ಆಯ್ತು, ಹೊಡೀರಿ," ಎಂದೆ. ವೈರು ಬಿಚ್ಚಿಕೊಂಡು ಜೇಬಿಗಿಟ್ಟೆ. ಚಪ್ಪಲಿಯನ್ನು ಕಲ್ಲಿನ ಮೇಲೆಯೇ ಬಿಟ್ಟು, ಜೀಪಿನ ಹಿಂದೆ ನಡೆದುಕೊಂಡೇ ಏರು ಹತ್ತಿದೆ.

ಆಮೇಲಿನ ವರ್ಷಗಳಲ್ಲಿ ಓದಿದವರೂ ಸಿಕ್ಕಿದ್ದಾರೆ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಗಿರಾಕಿಯೊಬ್ಬರು, ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲು ಆವಿಯಾಗಿ ಹೀಗಾಗುತ್ತದೆ, ನೀವು ವೈರು ಬಿಚ್ಚುವ ಹೊತ್ತಿಗೆ ತಣ್ಣಗಾಗಿ ಸರಿಹೋಯಿತು ಎಂದರು. ಸರಿ ಎಂದೆ.
ಹಾಗಾದರೆ ಅದೇ ನಿಮಿಷದಲ್ಲಿ ನಾಲ್ಕು ಹೆಜ್ಜೆ ಹಿಂದೆ ತಳ್ಳಿದರೆ ಸ್ಟಾರ್ಟ್ ಆಗುತ್ತಿತ್ತಲ್ಲ, ಅದು ಹೇಗೆ ಎಂದು ಕೇಳಿದೆ. ಅವರು ಹೌದಾ ಎಂದು ಟೀ ಕುಡಿದು ಹೋದರು.

ಆ ಸಲ ಹಟ್ಟಿಯಿಂದ ಬಂದ ಮೇಲೆ ಉಸ್ತಾದರಿಗೆ ಮುಖ ತೋರಿಸಲು ತಿಂಗಳು ಹಿಡಿಯಿತು. ಹೋದಾಗ ಅವರು ಅಂಗಡಿಯ ಮುಂದೆ ಒಂದು ಡೈನಮೊ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ತಲೆಯೆತ್ತದೆ, "ಕಟ್ಟಿ ನೋಡ್ದೇನು?" ಎಂದರು. ನೋಡಿದೆ ಎಂದು ಹೇಳಬೇಕೆಂದೇ ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ. ಬಾಯಿಂದ ಬಂದದ್ದು, "ಇಲ್ಲ ಉಸ್ತಾದ್. ಧೈರ್ಯ ಆಗ್ಲಿಲ್ಲ," ಎಂದು. ನನ್ನ ಆರು ವರ್ಷದ ಕಲಿಕೆ ಆ ಮಾತಿನೊಂದಿಗೆ ಹೋಯಿತು ಎಂದುಕೊಂಡು ತಲೆತಗ್ಗಿಸಿದೆ.

ಅವರು ಸ್ವಲ್ಪ ಹೊತ್ತು ಡೈನಮೊ ಒರೆಸಿದರು. ಪಕ್ಕದ ಬೆಂಚಿನಲ್ಲಿ ಇಬ್ಬರು ಡ್ರೈವರುಗಳು ಬೀಡಿ ಸೇದುತ್ತ ಕೂತಿದ್ದರು. ಅವರ ಕಡೆಗೊಮ್ಮೆ ನೋಡಿ, ನನ್ನ ಕಡೆಗೆ ಬಾಗಿ, ದನಿ ತಗ್ಗಿಸಿ ಹೇಳಿದರು: "ನಾನಾಗಿದ್ರೂ ಕಟ್ತಿರ್ಲಿಲ್ಲ ಬೇಟಾ. ಗಿರಾಕಿಗಳ ಮುಂದೆ ಮಾತ್ರ ಹೇಳ್ಬೇಡ."